ಯುದ್ಧ ಮುಗಿದಿತ್ತು, ತುರ್ತು ಪರಿಸ್ಥಿತಿ ಮುಗಿದಿರಲಿಲ್ಲ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಮೇಷ್ಟ್ರು ಫೋನ್ ಮಾಡಿ, "ನಮ್ಮ ಶಾಲೆ ಹುಟ್ಟಿದ ಕಾಲದ ಬಗ್ಗೆ ಏನಾದರೂ ಹೇಳಪ್ಪ" ಎಂದರು. ನಾನು ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಹಾಗಾಗಿ ಅಪ್ಪನನ್ನು ಕೇಳಿದೆ. ಅವರು ಈ ಶಾಲೆಯ ಮೊದಲ ಬ್ಯಾಚು, ಅಗೋ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಒಂಬತ್ತನೇ ತರಗತಿಯಲ್ಲಿ ಪೌರನೀತಿ ಪರೀಕ್ಷೆಗೆ ಏಳು ಮೂಲಭೂತ ಹಕ್ಕುಗಳನ್ನು ಬಾಯಿಪಾಠ ಮಾಡಿ ಬರೆದು ಪೂರ್ತಿ ಅಂಕ ತಗೊಂಡಿದ್ದೆ ಎಂದರು. ಈಗಿನ ಮಕ್ಕಳು ಆರು ಎನ್ನುತ್ತೀರಿ. ಆಗ ಆಸ್ತಿಯ ಹಕ್ಕೂ ಸೇರಿ ಏಳು, ಅಪ್ಪ ಹೇಳಿದ್ದು ಸರಿಯೇ. ಆದರೆ ಅಪ್ಪ ಆ ಪರೀಕ್ಷೆ ಬರೆದದ್ದು 1976ರ ಬೇಸಿಗೆಯಲ್ಲಿ. ಆ ಏಳರಲ್ಲಿ ಮುಖ್ಯವಾದ ಕೆಲವನ್ನು ಹಿಡಿದುಕೊಂಡು ಕೋರ್ಟಿಗೆ ಹೋಗುವ ದಾರಿ ಆಗ ಮುಚ್ಚಿತ್ತು.

"ಅದು 1975ರ ತುರ್ತು ಪರಿಸ್ಥಿತಿ, ನಮಗೆ ಗೊತ್ತು" ಎಂದು ಹಿರಿಯರು ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಓದುತ್ತಾ ಹೋದಾಗ ತಿಳಿದದ್ದು ಬೇರೆ. 1974ರ ಜೂನ್‌ನಲ್ಲಿ ಈ ಶಾಲೆಯ ಮೊದಲ ಗಂಟೆ ಬಾರಿಸಿದ ದಿನವೇ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಅದು ಬಾಂಗ್ಲಾ ಯುದ್ಧದ್ದು. 1971ರ ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು, ಅಂದೇ ಘೋಷಣೆಯಾಯಿತು. ಅದರಲ್ಲಿ ತಪ್ಪು ಹುಡುಕುವವನು ನಾನಲ್ಲ. ಯುದ್ಧ ಬಂದಾಗ ಸರ್ಕಾರದ ಕೈಗೆ ಹೆಚ್ಚಿನ ಅಧಿಕಾರ ಬೇಕು. ಊರುಗಳ ದೀಪ ಆರಿಸಬೇಕು, ಸೈನ್ಯ ಎಲ್ಲಿಗೆ ಹೊರಟಿದೆ ಎಂದು ಪತ್ರಿಕೆಯವರು ಬರೆಯಬಾರದು, ಲಾರಿ ರೈಲು ಸೈನ್ಯಕ್ಕೆ ಸಿಗಬೇಕು.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶತ್ರು ಶರಣಾದ. 1972ರಲ್ಲಿ ಸಿಮ್ಲಾ ಒಪ್ಪಂದವಾಯಿತು. ಸೆರೆ ಸಿಕ್ಕಿದ್ದ 90,000ಕ್ಕೂ ಹೆಚ್ಚು ಜನರನ್ನು 1974ರ ಏಪ್ರಿಲ್ ಹೊತ್ತಿಗೆ ಪಾಕಿಸ್ತಾನಕ್ಕೆ ಕಳಿಸಿಯೂ ಆಯಿತು. ಎದುರಾಳಿ ಸೈನಿಕರು ತಮ್ಮ ಮನೆ ಸೇರಿದರು, ತುರ್ತು ಪರಿಸ್ಥಿತಿ ಮಾತ್ರ ಇಲ್ಲೇ ಉಳಿಯಿತು. ಅದನ್ನು ಹಿಂತೆಗೆದುಕೊಂಡದ್ದು 1977ರ ಮಾರ್ಚ್ 27ರಂದು. ಹದಿಮೂರು ದಿನದ ಯುದ್ಧಕ್ಕೆ ಐದು ವರ್ಷ ದಾಟಿದ ತುರ್ತು!

ಇದು ಮೊದಲ ಸಲವೂ ಅಲ್ಲ. 1962ರಲ್ಲಿ ಚೀನಾ ಯುದ್ಧ ನಡೆದದ್ದು ಒಂದು ತಿಂಗಳು. ಅಕ್ಟೋಬರ್ 26ಕ್ಕೆ ಘೋಷಿಸಿದ ತುರ್ತು ಪರಿಸ್ಥಿತಿ 1968ರ ಜನವರಿ 10ರವರೆಗೆ ಇತ್ತು. ಆಗ ಅಸ್ಸಾಂ, ಬಂಗಾಳ ಕಡೆ ತಲೆಮಾರುಗಳಿಂದ ಬದುಕಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು ಮಕ್ಕಳು ಮುದುಕರ ಸಮೇತ ರೈಲು ಹತ್ತಿಸಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ತಂದಿಟ್ಟರು. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಇದು ನಮ್ಮ ಪಠ್ಯಪುಸ್ತಕದಲ್ಲಿ ಇದ್ದ ನೆನಪು ನನಗಿಲ್ಲ.

ಯುದ್ಧ ಮುಗಿದ ಮೇಲೆ ಯುದ್ಧದ ಅಧಿಕಾರ ಯಾವುದಕ್ಕೆ ಬಳಕೆಯಾಯಿತು? 1974ರ ಮೇ ತಿಂಗಳು, ಅಂದರೆ ನಮ್ಮ ಶಾಲೆ ತೆರೆಯುವುದಕ್ಕೆ ಸ್ವಲ್ಪ ಮುಂಚೆ, ದೇಶದ ರೈಲ್ವೆ ನೌಕರರು ಮುಷ್ಕರ ಹೂಡಿದರು. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅವರು ಕೇಳಿದ್ದು ಸಂಬಳ, ಬೋನಸ್. ಆ ಮುಷ್ಕರದ ಮೇಲೆ ಸರ್ಕಾರ ಹಾಕಿದ್ದು ಭಾರತ ರಕ್ಷಣಾ ನಿಯಮಗಳನ್ನು ಮತ್ತು ಮೀಸಾ ಕಾಯ್ದೆಯನ್ನು. ಸಾವಿರಾರು ಜನ ಜೈಲಿಗೆ ಹೋದರು. ಮುಷ್ಕರ ಸರಿಯೋ ತಪ್ಪೋ, ಅದನ್ನು ವಾದಿಸಬಹುದು. ಆದರೆ ಗ್ಯಾಂಗ್‌ಮನ್ ಒಬ್ಬ ಶತ್ರು ಸೈನಿಕ ಹೇಗಾದ? ಅದೇ ವರ್ಷ ಕಳ್ಳಸಾಗಣೆದಾರರ ಮೇಲೂ ಮೀಸಾ ತಿರುಗಿತು. ಕಳ್ಳಸಾಗಣೆದಾರನ ಪರ ಮಾತಾಡಲು ಯಾರು ಬರುತ್ತಾರೆ? ಯಾರೂ ಬರಲಿಲ್ಲ. ಮರುವರ್ಷ ಅದೇ ಕಾಯ್ದೆ ವಿರೋಧ ಪಕ್ಷದವರ ಮನೆ ಬಾಗಿಲು ತಟ್ಟಿತು.

1975ರ ಜೂನ್ 25ರ ರಾತ್ರಿ ಮೊದಲನೆಯದರ ಮೇಲೆ ಎರಡನೆಯ ತುರ್ತು ಪರಿಸ್ಥಿತಿ ಬಂತು, ಈ ಸಲ ಕಾರಣ 'ಆಂತರಿಕ ಕ್ಷೋಭೆ'. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಅವರನ್ನು ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಆ ಜೈಲೇ ಈಗಿನ ಫ್ರೀಡಂ ಪಾರ್ಕ್. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ಇಟ್ಟುಕೊಂಡೇ ಅಲ್ಲಿ ತಿಂಗಳುಗಟ್ಟಲೆ ಇದ್ದರು. ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು, ತೀರಿಕೊಂಡರು.

ಬಂಧಿತರು ಕೋರ್ಟಿಗೆ ಹೋದರು. ನಮ್ಮ ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಅರ್ಜಿ ಕೇಳುತ್ತೇವೆ ಎಂದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ ಆಗಲೂ ಪರಿಹಾರ ಇಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದೇ ಸರ್ಕಾರದ ವಕೀಲರ ಉತ್ತರ. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ಒಪ್ಪದವರು ಖನ್ನಾ ಒಬ್ಬರೇ. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರನ್ನು ಬಿಟ್ಟು ಕಿರಿಯರಿಗೆ ಹೋಯಿತು, ಅವರು ರಾಜೀನಾಮೆ ಕೊಟ್ಟರು.

ಈಗ ನನ್ನ ಕಸುಬಿನ ಒಂದು ಮಾತು. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡು ಎಂದು ಪ್ರೋಗ್ರಾಂ ಬರೆಯುವಾಗ ಯಾವಾಗ ನಿಲ್ಲಿಸಬೇಕು ಎಂದೂ ಬರೆಯಬೇಕು. ಇಲ್ಲದಿದ್ದರೆ ಅದು ನಿಲ್ಲುವುದೇ ಇಲ್ಲ. ನಾನೇ ಒಮ್ಮೆ "ತಾತ್ಕಾಲಿಕ, ನಾಳೆ ತೆಗೆಯುತ್ತೇನೆ" ಎಂದು ಬರೆದಿಟ್ಟ ಸಾಲುಗಳು ನಾಲ್ಕು ವರ್ಷದ ನಂತರವೂ ಓಡುತ್ತಿದ್ದವು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ತೆಗೆಯುವುದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ. ಸಂವಿಧಾನದ ಹಳೆಯ 352ನೇ ವಿಧಿ ಓದಿದಾಗ ನನಗೆ ಅದೇ ನೆನಪಾಯಿತು. ಎರಡು ತಿಂಗಳೊಳಗೆ ಸಂಸತ್ತು ಒಮ್ಮೆ ಒಪ್ಪಿಬಿಟ್ಟರೆ ಸಾಕಿತ್ತು. ಆಮೇಲೆ ಸರ್ಕಾರ ತಾನಾಗಿ ತೆಗೆಯುವವರೆಗೆ ಅದು ಇದ್ದೇ ಇರುತ್ತಿತ್ತು.

1978ರ 44ನೇ ತಿದ್ದುಪಡಿ ಇದನ್ನು ಸರಿಪಡಿಸಿತು. ಈಗ ಸಂಪುಟದ ತೀರ್ಮಾನ ಬರಹದಲ್ಲಿ ಇರಬೇಕು, ಒಂದು ತಿಂಗಳೊಳಗೆ ವಿಶೇಷ ಬಹುಮತ ಬೇಕು, ಪ್ರತಿ ಆರು ತಿಂಗಳಿಗೆ ಮತ್ತೆ ಒಪ್ಪಿಗೆ ಬೇಕು. ಯಾವ ತುರ್ತಿನಲ್ಲೂ 20 ಮತ್ತು 21ನೇ ವಿಧಿಗಳ ರಕ್ಷಣೆಯನ್ನು, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು, ಅಮಾನತು ಮಾಡುವಂತಿಲ್ಲ. 1999ರಲ್ಲಿ ಕಾರ್ಗಿಲ್ ಯುದ್ಧ ನಡೆಯಿತು, ತುರ್ತು ಪರಿಸ್ಥಿತಿ ಘೋಷಿಸದೆಯೇ ಗೆದ್ದೆವು. ಆದರೆ ಒಂದು ಸಂಗತಿ ಉಳಿದಿದೆ. ಯುದ್ಧದ ಕಾರಣಕ್ಕೆ ಘೋಷಣೆಯಾದರೆ ಮಾತಿನ, ಸಭೆ ಸೇರುವ ಹಕ್ಕುಗಳಿರುವ 19ನೇ ವಿಧಿಯ ರಕ್ಷಣೆ ಇವತ್ತಿಗೂ ತಾನಾಗಿ ಅಮಾನತಾಗುತ್ತದೆ. ಇದು ನನಗೆ ಪೂರ್ತಿ ಸಮಾಧಾನ ತಂದಿಲ್ಲ.

1976ರ ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತೀರ್ಪಿನ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು. ತೀರ್ಪು ಬರೆದ ಡಿ.ವೈ. ಚಂದ್ರಚೂಡ್ ಅವರ ತಂದೆ ಹಿಂದಿನ ಆ ನಾಲ್ವರಲ್ಲಿ ಒಬ್ಬರು.

ಇದನ್ನೆಲ್ಲ ಕಳೆದ ವಾರ ಅಪ್ಪನಿಗೆ ಹೇಳಿದೆ. "ಹಾಗಾದರೆ ನಾನು ಬರೆದ ಉತ್ತರ ತಪ್ಪೇನೋ?" ಎಂದರು. ಮೇಷ್ಟ್ರು ಕೊಟ್ಟ ಅಂಕ ಸರಿಯಾಗಿಯೇ ಇದೆ ಅಪ್ಪ ಎಂದೆ. ಅವರ ಬ್ಯಾಚಿನವರು ಹತ್ತಾರು ಜನ ಇಲ್ಲಿದ್ದೀರಿ. ಆ ದಿನಗಳಲ್ಲಿ ಊರಲ್ಲಿ ಕಂಡದ್ದು, ಕೇಳಿದ್ದು, ಹೆದರಿದ್ದು ನಿಮಗೆ ನೆನಪಿದ್ದರೆ ಒಂದೆರಡು ಪುಟ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಬರೆಯಲು ಆಗದವರು ಹೇಳಿ, ಒಂಬತ್ತನೇ ತರಗತಿಯ ಮಕ್ಕಳು ಬರೆದುಕೊಳ್ಳುತ್ತಾರೆ, ಅವರನ್ನು ಕೇಳಿಯೇ ಬಂದಿದ್ದೇನೆ. ಮುಂದೆ ಮಕ್ಕಳ ಕೋಲಾಟ ಇದೆ, ಆಗಲೇ ವೇಷ ಹಾಕಿ ಕಾಯುತ್ತಿದ್ದಾರೆ.