ಬಿರುಗಾಳಿಯ ಚಿತ್ರ, ಬಿರುಗಾಳಿಯ ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಪಿ.ಯು.ಸಿ. ಮುಗಿಸಿದ ನಮ್ಮ ಹುಡುಗರಲ್ಲಿ ಕೆಲವರು ಅನಿಮೇಷನ್ ಕಲಿಯುತ್ತೇವೆ ಎನ್ನುತ್ತಾರೆ. ಒಳ್ಳೆಯದೇ. ಜೊತೆಗೆ "ಅದಕ್ಕೆ ಗಣಿತ ಬೇಡವಲ್ಲ ಸಾರ್" ಎಂದೂ ಸೇರಿಸುತ್ತಾರೆ. ಆ ಮಾತನ್ನೇ ಇಂದು ಸ್ವಲ್ಪ ವಿಚಾರಿಸೋಣ.

ಬೇಸಿಗೆಯ ಮಧ್ಯಾಹ್ನ ಮೋಡ ಕಟ್ಟಿ, ಗಾಳಿ ಎದ್ದು ಅಡಿಕೆ ಮರ ಉರುಳುವುದನ್ನು ತರೀಕೆರೆಯವರಿಗೆ ವಿವರಿಸಬೇಕಿಲ್ಲ. ಕಂಪ್ಯೂಟರಿನಲ್ಲಿ ಅದನ್ನು ಎಬ್ಬಿಸುವುದು ಹೇಗೆ? ಆಕಾಶವನ್ನು ಸಣ್ಣ ಡಬ್ಬಿಗಳಾಗಿ ಭಾಗಿಸುತ್ತಾರೆ. ಪ್ರತಿ ಡಬ್ಬಿಗೂ ಗಾಳಿಯ ವೇಗ, ಒತ್ತಡ, ಉಷ್ಣಾಂಶ, ತೇವಾಂಶದ ಅಂಕಿಗಳು. ಅಕ್ಕಪಕ್ಕದ ಡಬ್ಬಿಗಳನ್ನು ನೋಡಿ ಮುಂದಿನ ಕ್ಷಣದ ಅಂಕಿಗಳನ್ನು ಲೆಕ್ಕ ಹಾಕುವುದು, ಮತ್ತೆ ಅದೇ. ಡಬ್ಬಿಯ ಅಳತೆಯನ್ನು ಅರ್ಧಕ್ಕಿಳಿಸಿದರೆ ಡಬ್ಬಿಗಳು 8 ಪಟ್ಟಾಗುತ್ತವೆ. ಕ್ಷಣವನ್ನೂ ಅರ್ಧ ಮಾಡಬೇಕಾದ್ದರಿಂದ ಕೆಲಸ 16 ಪಟ್ಟು. ಅಮೆರಿಕದ ಲೀ ಆರ್ಫ್ ಅವರು 2011ರ ಮೇ 24ರ ಒಕ್ಲಹೋಮಾ ಸುಂಟರಗಾಳಿಯನ್ನು 30 ಮೀಟರ್ ಡಬ್ಬಿಗಳಲ್ಲಿ ಮೂಡಿಸಿದಾಗ ಸೂಪರ್ ಕಂಪ್ಯೂಟರ್ ಮೂರು ದಿನಕ್ಕೂ ಹೆಚ್ಚು ದುಡಿಯಿತು.

ಸಿನಿಮಾದವರಿಗೆ ಅಷ್ಟು ಪುರುಸೊತ್ತಿಲ್ಲ. ದೊಡ್ಡ ದೊಡ್ಡ ಹೆಜ್ಜೆ ಹಾಕಿದರೂ ಲೆಕ್ಕ ಕುಸಿಯದ ಒಂದು ವಿಧಾನವನ್ನು 1999ರಲ್ಲಿ ಜೋಸ್ ಸ್ಟಾಮ್ ಕೊಟ್ಟರು. ಅದರಲ್ಲಿ ಸುಳಿಗಳು ನಿಜಕ್ಕಿಂತ ಬೇಗ ಸವೆಯುತ್ತವೆ. ಆದರೇನು, ಕಣ್ಣಿಗೆ ಒಪ್ಪಿದರೆ ಸಾಕು. ಹವಾಮಾನ ಮುನ್ಸೂಚನೆಗೆ ಅದು ಸಾಲದು. ಅದೇ 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಅಪ್ಪಳಿಸುವ ಮೊದಲೇ ಲಕ್ಷಾಂತರ ಜನರನ್ನು ಸಾಗಿಸಿದ್ದರಿಂದ ಸಾವು ನೂರನ್ನು ದಾಟಲಿಲ್ಲ.

ಈ ವಿದ್ಯೆ ನಮಗೆ ದೂರದ್ದೂ ಅಲ್ಲ. ಬೆಂಗಳೂರಿನ ಎನ್.ಎ.ಎಲ್.ನಲ್ಲಿ 1986ರಲ್ಲೇ 'ಫ್ಲೋಸಾಲ್ವರ್' ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದರು; ಮುಂದೆ ಅದರಲ್ಲಿ ಮುಂಗಾರಿನ ಲೆಕ್ಕ ನಡೆಯಿತು. ರೊದ್ದಂ ನರಸಿಂಹ ಅವರ ತಂಡವಂತೂ ಜಕ್ಕೂರಿನಲ್ಲಿ ನೀರಿನ ತೊಟ್ಟಿಯೊಳಗೇ ಮೋಡದ ಆಕಾರ ಬೆಳೆಸಿತು. ಆವಿ ಹನಿಯಾಗುವಾಗ ಹೊರಬೀಳುವ ಶಾಖವೇ ಮೋಡಕ್ಕೆ ಉರುವಲು. ಅದರ ಬದಲಿಗೆ ಅವರು ನೀರಿಗೆ ವಿದ್ಯುತ್ ಹಾಯಿಸಿ ಬಿಸಿ ಕೊಟ್ಟರು. ನನಗೆ ಸೂಪರ್ ಕಂಪ್ಯೂಟರಿಗಿಂತ ಈ ತೊಟ್ಟಿಯೇ ಹೆಚ್ಚು ಇಷ್ಟ.

'ಅಲ್ಗಾರಿದಮ್' ಎಂಬ ಪದ 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಝ್ಮಿಯವರ ಹೆಸರಿನಿಂದ ಬಂದಿದೆ ಎಂದು ಪ್ರತಿ ಸಭೆಯಲ್ಲೂ ಹೆಮ್ಮೆಪಡುತ್ತೇವೆ. ಅವರು ಬರೆದ ಬೀಜಗಣಿತವನ್ನು ಮಾತ್ರ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಎಸ್.ಎಸ್.ಎಲ್.ಸಿ.ಗೇ ಬಿಟ್ಟುಬಿಡುತ್ತಾರೆ.

'ಬ್ಲೆಂಡರ್' ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸಾಧಾರಣ ಕಂಪ್ಯೂಟರಿನಲ್ಲೂ ಒಂದು ಸಣ್ಣ ಹೊಗೆಸುಳಿ ಎಬ್ಬಿಸಬಹುದು. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಮಾಡಿ ನೋಡಿ. ಸಂಘದ ಹಿರಿಯರಲ್ಲಿ ಒಂದು ಕೋರಿಕೆ: ಭಾನುವಾರಗಳಂದು ಪಿ.ಯು. ಗಣಿತಕ್ಕೊಂದು ತರಗತಿ, ಹೆಣ್ಣುಮಕ್ಕಳಿಗೂ ಸೇರಿ, ಆರಂಭಿಸೋಣ. ಪಾಠ ಮಾಡಲು ನಾನು ಸಿದ್ಧನಿದ್ದೇನೆ.