ಅಮೂರ್ತ ಚಿತ್ರದ ಪಾಠ
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಾಲಾಘೋಡಾದ ಜಹಾಂಗೀರ್ ಕಲಾಗ್ಯಾಲರಿ 1952ರಲ್ಲಿ ತೆರೆದದ್ದು. ಒಳಗೆ ಹೋಗಲು ಟಿಕೇಟು ಬೇಕಿಲ್ಲ. ಆದರೂ ಮಳೆ ಬಂದಾಗ ಅದರ ಬಾಗಿಲಲ್ಲಿ ನಿಲ್ಲುವ ನಮ್ಮವರು ಹೆಚ್ಚು, ಒಳಗೆ ಹೋಗುವವರು ಕಡಮೆ. ಹೋದವರೂ ನಾಲ್ಕು ಬಣ್ಣದ ಪಟ್ಟೆ, ಎರಡು ವೃತ್ತ ಇರುವ ಚಿತ್ರದ ಮುಂದೆ ನಿಂತು, “ಇದನ್ನು ನಮ್ಮ ಹುಡುಗನೂ ಬರೆದಾನು” ಎಂದೋ, “ಇದೆಲ್ಲ ದೊಡ್ಡವರಿಗೆ, ನಮಗಲ್ಲ” ಎಂದೋ ಹೇಳಿ ಹೊರಬೀಳುತ್ತಾರೆ. ಮೊದಲನೆಯ ಮಾತಿಗೆ ನಮ್ಮ ತಕರಾರು ಅಷ್ಟಿಲ್ಲ. ಎರಡನೆಯದಕ್ಕೆ ಬಹಳ ಇದೆ. ಅಮೂರ್ತ ಚಿತ್ರವೆಂಬುದು ಗುಟ್ಟಿನ ವಿದ್ಯೆಯಲ್ಲ. ತರಗತಿಯಲ್ಲಿ ಕೂರಿಸಿ ಹಂತಹಂತವಾಗಿ ಕಲಿಸಿದ ಕಸುಬು. ಅಂಥ ಒಂದು ತರಗತಿಯಲ್ಲಿ ಏನು ನಡೆಯುತ್ತಿತ್ತೆಂಬುದನ್ನೇ ಇಂದು ಹೇಳಬೇಕೆಂದಿದ್ದೇವೆ.

ಮಹಾಯುದ್ಧದಲ್ಲಿ ಸೋತು ಬಡವಾಗಿದ್ದ ಜರ್ಮನಿಯ ವೈಮಾರ್ ಎಂಬ ಊರಿನಲ್ಲಿ, 1919ರಲ್ಲಿ, ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ಬೌಹೌಸ್ ಶಾಲೆಯನ್ನು ತೆರೆದರು. ಬಡಗಿ, ನೇಕಾರ, ಕುಂಬಾರ, ಚಿತ್ರಗಾರ ಎಲ್ಲರೂ ಒಂದೇ ಸೂರಿನಡಿ ಕಲಿಯಬೇಕೆಂಬುದು ಅವರ ಎಣಿಕೆ. 1922ರಲ್ಲಿ ಅಲ್ಲಿಗೆ ಅಧ್ಯಾಪಕರಾಗಿ ಬಂದವರು ವಾಸಿಲಿ ಕಾಂಡಿನ್ಸ್ಕಿ. ಇವರು ಮೊದಲು ಕಾನೂನು ಓದಿದವರು; ಮೂವತ್ತರ ವಯಸ್ಸಿನಲ್ಲಿ, ಕೈಗೆ ಬಂದ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು, ರಷ್ಯದಿಂದ ಮ್ಯೂನಿಕ್ ನಗರಕ್ಕೆ ಹೋಗಿ ಚಿತ್ರ ಕಲಿಯಲು ಕುಳಿತವರು. ಪರವೂರಿನಲ್ಲಿ ಅ ಆ ಇ ಈಯಿಂದ ಮೊದಲುಮಾಡುವ ಕಷ್ಟವನ್ನು ಈ ಸಭೆಗೆ ವಿವರಿಸಬೇಕಾದ್ದಿಲ್ಲ.

ಕಾಂಡಿನ್ಸ್ಕಿಯವರ ಪಾಠ ಹೀಗೆ. ಕುರ್ಚಿ, ಬುಟ್ಟಿ, ಏಣಿ, ಬಟ್ಟೆ ಮುಂತಾದ ಮನೆಯ ಸಾಮಾನುಗಳನ್ನು ವಿದ್ಯಾರ್ಥಿಗಳೆದುರು ಒಟ್ಟಿಡುವುದು. ಮೊದಲು ಆ ರಾಶಿಯೆಲ್ಲ ಸೇರಿ ಯಾವ ಒಂದು ಸರಳ ಆಕಾರವಾಗುತ್ತದೆ, ತ್ರಿಕೋನವೋ ಚೌಕವೋ, ಎಂದು ಕಂಡುಕೊಳ್ಳಬೇಕು. ಅನಂತರ ಯಾವುದು ಯಾವುದನ್ನು ಒತ್ತುತ್ತದೆ, ಎಳೆಯುತ್ತದೆ, ತಡೆಯುತ್ತದೆ ಎಂಬುದನ್ನು ಗೆರೆಗಳಿಂದ ತೋರಿಸಬೇಕು. ಮುಖ್ಯವಾದ ಗೆರೆ ದಪ್ಪ, ಉಳಿದವು ತೆಳು. ಕೊನೆಗೆ ಸಾಮಾನುಗಳನ್ನೇ ಬಿಟ್ಟು ಆ ಎಳೆತ ಸೆಳೆತಗಳನ್ನಷ್ಟೇ ಚಿತ್ರಿಸಬೇಕು. ನೋಡದೆ ಬರೆದದ್ದು ಅಮೂರ್ತವೆಂದು ಜನ ತಿಳಿದಿದ್ದಾರೆ. ಇಲ್ಲಿಯಾದರೋ ಒಂದೇ ಕುರ್ಚಿಯನ್ನು ಮೂರು ಸಲ ನೋಡಿದ ಮೇಲೆ ಅದನ್ನು ಬಿಡುವ ಅಧಿಕಾರ ಬರುತ್ತದೆ.

ಕಳೆದ ತಿಂಗಳು ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಇದನ್ನು ಮಾಡಿ ನೋಡಿದೆವು. ಒಂದು ಸ್ಟೂಲು, ಅದಕ್ಕೆ ಒರಗಿಸಿದ ಕೊಡೆ, ಕೆಳಗೊಂದು ಊಟದ ಡಬ್ಬಿ. ಮೊದಲ ಹಾಳೆಯಲ್ಲಿ ಎಲ್ಲರ ಕೊಡೆಯೂ ಕೊಡೆಯಾಗಿಯೇ ಇತ್ತು. ಒಬ್ಬರು ಅದರ ಹರಕನ್ನೂ ಬಿಟ್ಟಿರಲಿಲ್ಲ. ಮೂರನೆಯ ಹಾಳೆಯ ಹೊತ್ತಿಗೆ ಒಂದು ಓರೆಗೆರೆ, ಅದನ್ನು ತಡೆದು ನಿಂತ ಎರಡು ನೆಟ್ಟಗೆರೆ, ಬುಡದಲ್ಲಿ ಒಂದು ಕಪ್ಪು ಗುಂಡು, ಇಷ್ಟೇ ಉಳಿದವು. ಬಂದರಿನಲ್ಲಿ ಬಹುಕಾಲ ಸರಕು ಹೊತ್ತ ಹಿರಿಯರೊಬ್ಬರು ಪಕ್ಕದವರ ಹಾಳೆಯನ್ನು ನೋಡಿ, “ಜಾರುತ್ತದೆ ಅದು, ಈ ಕಡೆಯ ಗೆರೆ ದಪ್ಪಮಾಡಿ” ಎಂದರು. ಕೊಡೆ ಹೋಗಿತ್ತು, ಬೀಳುವ ಭಯ ಮಾತ್ರ ಹಾಳೆಯ ಮೇಲೆ ಹಾಗೆಯೇ ಇತ್ತು. ಭಾರ ಹೊತ್ತ ಹೆಗಲಿಗೆ ಅದು ತಟ್ಟನೆ ತಿಳಿಯಿತು, ಗುಮಾಸ್ತರಾದ ನಮಗೆ ತುಸು ತಡವಾಗಿ.

ಇನ್ನೊಬ್ಬ ಅಧ್ಯಾಪಕರು ಯೋಸೆಫ್ ಆಲ್ಬರ್ಸ್. ಹಿಂದೆ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದು, 32ನೆಯ ವಯಸ್ಸಿನಲ್ಲಿ ಬೌಹೌಸಿಗೆ ವಿದ್ಯಾರ್ಥಿಯಾಗಿ ಸೇರಿದರು. ಬಣ್ಣಕ್ಕೆ ಕಾಸಿಲ್ಲದೆ, ಸುತ್ತಿಗೆ ಹಿಡಿದು ಊರ ತಿಪ್ಪೆಗೆ ಹೋಗಿ, ಒಡೆದ ಸೀಸೆಯ ಚೂರು ಆಯ್ದು ತಂದು ಗಾಜಿನ ಚಿತ್ರ ಕಟ್ಟಿದರು. ಮುಂದೆ ಅಲ್ಲಿಯೇ ಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ವೃತ್ತಪತ್ರಿಕೆಯ ಹಾಳೆ ಕೊಟ್ಟು, ಇದರಿಂದ ಏನಾದರೂ ಮಾಡಿರೆಂದರಂತೆ. ಕೆಲವರು ಕೋಟೆ, ಹಡಗು ಮಾಡಿದರು. ಆಲ್ಬರ್ಸರು ಮೆಚ್ಚಿದ್ದು ಹಾಳೆಯನ್ನು ಸುಮ್ಮನೆ ಉದ್ದಕ್ಕೆ ಮಡಿಸಿ ನಿಲ್ಲಿಸಿದವನನ್ನು: ಮೆತ್ತಗಿನ ಕಾಗದ ಮಡಿಕೆಯಿಂದಲೇ ಗಟ್ಟಿಯಾಗಿ ನಿಂತಿತ್ತು.

ಬಣ್ಣದ ಬಗ್ಗೆ ಅವರು ಕಲಿಸಿದ್ದನ್ನು ಯಾರೂ ಮನೆಯಲ್ಲಿ ಪರೀಕ್ಷಿಸಬಹುದು. ಕಂದು ಬಣ್ಣದ ಹಳೆಯ ಲಕೋಟೆಯಿಂದ ಎರಡು ಸಣ್ಣ ಚೌಕ ಕತ್ತರಿಸಿ, ಒಂದನ್ನು ಕಪ್ಪು ಕಾಗದದ ಮೇಲೆ, ಇನ್ನೊಂದನ್ನು ಬಿಳಿಯ ಮೇಲೆ ಇಡಿ. ಒಂದೇ ಲಕೋಟೆಯ ಚೂರುಗಳು, ಕಪ್ಪಿನ ಮೇಲೆ ತಿಳಿಯಾಗಿ, ಬಿಳಿಯ ಮೇಲೆ ಗಾಢವಾಗಿ ಕಾಣುತ್ತವೆ. ನೆರೆಯನ್ನು ನೋಡಿ ಬಣ್ಣ ಬದಲಾಗುತ್ತದೆ. 1950ರಿಂದ 1976ರಲ್ಲಿ ತೀರಿಕೊಳ್ಳುವವರೆಗೂ ಆಲ್ಬರ್ಸರು ಚೌಕದೊಳಗೆ ಚೌಕವನ್ನಿಟ್ಟು ಇದನ್ನೇ ಮತ್ತೆ ಮತ್ತೆ ಬರೆದರು. ಅಷ್ಟು ಹಟ ಅತಿಯಾಯಿತೆಂದು ನಮ್ಮಲ್ಲಿ ಕೆಲವರ ಅಭಿಪ್ರಾಯ, ಇರಲಿ.

ಚೌಕ, ವೃತ್ತ ಯಾರಿಗೇನು ಕೆಡುಕು ಮಾಡಿಯಾವು? ಆದರೂ 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ, ಆಗ ಬರ್ಲಿನ್ನಿನಲ್ಲಿದ್ದ ಆ ಶಾಲೆಗೆ ಪೋಲೀಸರು ನುಗ್ಗಿದರು. ಅದೇ ವರ್ಷ ಶಾಲೆ ಮುಚ್ಚಿತು. ಕಾಂಡಿನ್ಸ್ಕಿ ಫ್ರಾನ್ಸಿಗೂ, ಆಲ್ಬರ್ಸ್ ಅಮೆರಿಕಕ್ಕೂ ಹೋದರು. ಶಾಲೆಯ ಹಳೆಯ ಅಧ್ಯಾಪಕ ಪಾಲ್ ಕ್ಲೇ ಸ್ವಿಟ್ಜರ್ಲೆಂಡಿಗೆ ಮರಳಿದರು. 1937ರಲ್ಲಿ ಮ್ಯೂನಿಕ್ಕಿನಲ್ಲಿ ಕಾಂಡಿನ್ಸ್ಕಿ, ಕ್ಲೇ ಮೊದಲಾದವರ ಚಿತ್ರಗಳನ್ನು ಗೋಡೆಗೆ ತೂಗುಹಾಕಿ, ಜನರು ನಗಲೆಂದೇ ಪ್ರದರ್ಶನ ಏರ್ಪಡಿಸಿದರು. ತಿಳಿಯದ ಚಿತ್ರದೆದುರು ನಮಗೆ ನಗು ಬಂದಾಗ ಇದು ನೆನಪಿಗೆ ಬಂದರೆ ಒಳ್ಳೆಯದು.

ಅದಕ್ಕೂ ಮುಂಚೆಯೇ, 1922ರ ಡಿಸೆಂಬರಿನಲ್ಲಿ, ಇವರ ಚಿತ್ರಗಳು ಕಲ್ಕತ್ತೆಗೆ ಬಂದು ಪ್ರದರ್ಶನಗೊಂಡಿದ್ದವು. ಇನ್ನು ನಮ್ಮ ಮುಂಬಯಿ. 1948ರಲ್ಲಿ ಇಲ್ಲಿಯ ಜೆ. ಜೆ. ಕಲಾಶಾಲೆಯಿಂದ ಹೊರಬಂದ ವಾಸುದೇವ ಗಾಯತೊಂಡೆಯವರು ಎಳವೆಯಲ್ಲಿ ಕ್ಲೇಯ ಚಿತ್ರಗಳನ್ನು ಬಹಳ ಮೆಚ್ಚಿದ್ದವರು. ಮುಂದೆ ಅವರು ಕುಂಚವನ್ನು ಬಿಟ್ಟು, ರೋಲರಿನಿಂದ ಬಣ್ಣವನ್ನು ಪದರು ಪದರಾಗಿ ಹಚ್ಚಿ, ಅಲಗಿನಿಂದ ಅಲ್ಲಲ್ಲಿ ಕೆರೆದು, ಒಳಗಿನ ಬಣ್ಣ ಬೆಳಕಿನಂತೆ ಮೇಲೆ ಬರುವಂತೆ ಮಾಡಿದರು. ವರ್ಷಕ್ಕೆ ಮುಗಿಸುತ್ತಿದ್ದದ್ದು ಬೆರಳೆಣಿಕೆಯಷ್ಟು ಚಿತ್ರ. ನಮ್ಮ ಉಡುಪಿಯ ಕಡೆಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಇದೇ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು. ಅವರನ್ನು ಅಮೂರ್ತದವರೆನ್ನಲಾಗದು, ಆದರೆ ಅವರ ನರ್ತಕಿಯರ ರೇಖಾಚಿತ್ರಗಳನ್ನು ನೋಡಿ. ಒಡವೆ, ಸೀರೆಯ ಅಂಚು ಎಲ್ಲ ಹೋಗಿ ತಿರುಗುವ ಗೆರೆಯೊಂದೇ ಉಳಿದಿರುತ್ತದೆ. ಕೊಡೆಯ ಪಾಠ ಮಾಡಿದವರಿಗೆ ಅದು ಅರ್ಥವಾಗುತ್ತದೆ.

ಬರುವ ಭಾನುವಾರ ಬೆಳಿಗ್ಗೆ ಕಾಗದ ಮಡಿಸುವ ಪಾಠವನ್ನು ಮಾಡಿ ನೋಡಬೇಕೆಂದಿದ್ದೇವೆ. ಸಂಜೆ ನಾಲ್ಕು ಗಂಟೆಗೆ ಎಲ್ಲರೂ ಕೂಡಿ ಜಹಾಂಗೀರ್ ಗ್ಯಾಲರಿಗೆ ಹೋಗುವುದು. ಬರುವವರು ಹಳೆಯ ಪತ್ರಿಕೆಗಳನ್ನು ಮನೆಯಿಂದಲೇ ತರಬೇಕು. ಮೇಜಿನ ಮೇಲಿರುವ ಇಂದಿನ ಪತ್ರಿಕೆಗಳಿಗೆ ಕೈಹಚ್ಚಬಾರದೆಂದು ಗ್ರಂಥಪಾಲಕರು ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ.