ಗಿಣ್ಣು ತಿನ್ನೋ ಮೊದಲು

ಹೋದ ವಾರ ನಮ್ಮ ಮೇಕೆ ಮರಿ ಹಾಕಿ ಸತ್ತೋಯ್ತು. ಮರಿ ಎರಡೇ ಕೆಜಿ. ನಾನು ಹಾಲಿನ ಬಾಟಲಿ ಹಿಡಿದು ಓಡಿದೆ. ಅಮ್ಮ ಮರಿ ಬಾಯಲ್ಲಿ ಬೆರಳಿಟ್ಟು, "ತಣ್ಣಗಿದೆ, ಮೊದ್ಲು ಮೈ ಒರೆಸಿ ಬೆಚ್ಚಗೆ ಮಾಡು" ಅಂದ್ರು.

ಬೇಕಾಗಿದ್ದು ಬರೀ ಹಾಲಲ್ಲ, ಗಿಣ್ಣು ಹಾಲು. ರೋಗ ತಡೆಯೋ ಶಕ್ತಿ ಬರೋದು ಅದರಿಂದ. ಹುಟ್ಟಿ 24 ಗಂಟೆ ಕಳೆದರೆ ಮರಿಯ ಕರುಳು ಅದನ್ನ ಹೀರಿಕೊಳ್ಳಲ್ಲ. ಪಕ್ಕದ ಮನೆ ಹಸು ಅವತ್ತೇ ಕರು ಹಾಕಿತ್ತು. ಸಿಹಿ ಗಿಣ್ಣಿಗೆ ಅಂತ ಎತ್ತಿಟ್ಟಿದ್ದರಲ್ಲೇ ಕೊಟ್ರು. ಒಲೆ ಮೇಲಿಟ್ಟರೆ ಗಟ್ಟಿಯಾಗುತ್ತೆ, ಅದಕ್ಕೆ ಬಾಟಲಿಯನ್ನ ಬಿಸಿನೀರಲ್ಲಿ ಇಟ್ವಿ. ಬಿ.ಕಾಂ. ಲೆಕ್ಕ ನಂದು: ತೂಕದ ಹತ್ತನೇ ಒಂದು ಪಾಲು, ಅಂದ್ರೆ 200 ಎಂಎಲ್, ನಾಲ್ಕು ಸಲಕ್ಕೆ. ನಿಲ್ಲಿಸಿಯೇ ಕುಡಿಸಬೇಕು, ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು.

ಈಗ ಮರಿ ನನ್ನ ಇಯರ್‌ಫೋನ್ ಜಗೀತಿದೆ. ಫ್ರೀಜರಲ್ಲಿ ಒಂದು ಬಾಟಲಿ ಗಿಣ್ಣು ಹಾಲಿದೆ, ಮುಂದಿನ ತಬ್ಬಲಿಗೆ. ಯಾರೂ ಮುಟ್ಟಂಗಿಲ್ಲ.